ಅರವತ್ತರ ಆಸುಪಾಸಿನಲ್ಲಿ ಹೆಣ್ಣೆಂದು ಹೇಳಿಕೊಳ್ಳುವುದು: ಹಿರಿಯ ಟ್ರಾನ್ಸ್ ಮಹಿಳೆಯರಿಗೊಂದು ಕೈಪಿಡಿ

ಹುಟ್ಟಿದಾಗ ಗಂಡು ಎಂದು ಬರೆಸಿಕೊಂಡು, ಮಗನಾಗಿ, ಗಂಡನಾಗಿ, ತಂದೆಯಾಗಿ ನಾಲ್ಕೈದು ದಶಕ ನಡೆದುಕೊಂಡು ಬಂದ ಮೇಲೆ, ತಾನು ಹೆಣ್ಣು ಎಂಬ ಅರಿವನ್ನು ಇನ್ನು ಅದುಮಿಡಲಾರೆ ಎನ್ನುವ ಘಟ್ಟ ತಲುಪಿದವರಿಗಾಗಿ ಈ ಬರಹ. ಇಪ್ಪತ್ತರ ಹರೆಯದವರಿಗೆಂದು ಬರೆದ ಸಲಹೆಗಳು ಇವರಿಗೆ ಅಷ್ಟಾಗಿ ಒಗ್ಗುವುದಿಲ್ಲ. ಹರೆಯದವರು ಇನ್ನೂ ಕಟ್ಟಬೇಕಾದ ಬದುಕನ್ನು ಕುರಿತು ಯೋಚಿಸುತ್ತಾರೆ. ಇವರ ಬದುಕಾದರೋ ಕಟ್ಟಿ ಮುಗಿದಿರುತ್ತದೆ, ಅದರೊಳಗೆ ಬೇರೆಯವರೂ ವಾಸವಾಗಿರುತ್ತಾರೆ. ಸಂಗಾತಿ, ಬೆಳೆದ ಮಕ್ಕಳು, ಪಿಂಚಣಿ, ಉಯಿಲು, ದಿನವೂ ನುಂಗುವ ರಕ್ತದೊತ್ತಡದ ಮಾತ್ರೆ, ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಹೆಜ್ಜೆ ಇಡಬೇಕಾಗುತ್ತದೆ.

ಒಪ್ಪಿಕೊಳ್ಳುವುದು ಒಂದು ಕೆಲಸ, ಹೇಳಿಕೊಳ್ಳುವುದು ಇನ್ನೊಂದು ಕೆಲಸ. ಎರಡನ್ನೂ ಒಂದೇ ಉಸಿರಿನಲ್ಲಿ ಮಾಡಲು ಹೊರಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ತನ್ನೊಳಗೆ ಇತ್ಯರ್ಥವಾಗದ ವಿಷಯವನ್ನು ಹೊರಗೆ ಹೇಳಿದವರು ಎದುರಿಗೆ ಕುಳಿತವರ ಮುಖದಲ್ಲಿ ತೀರ್ಪನ್ನು ಹುಡುಕುತ್ತಾರೆ. ಆಗ ಹೆಂಡತಿಯ ಅಳುವೂ ಮಗನ ಮೌನವೂ ತಾವು ತಪ್ಪು ಎಂಬುದಕ್ಕೆ ಸಾಕ್ಷಿಯಂತೆ ಕಂಡು, ಹೇಳಿದ್ದನ್ನು ಅಲ್ಲೇ ಹಿಂತೆಗೆದುಕೊಂಡುಬಿಡುತ್ತಾರೆ. ಹೀಗೆ ಒಮ್ಮೆ ಹಿಂತೆಗೆದುಕೊಂಡ ಮಾತನ್ನು ಎರಡನೆಯ ಸಲ ಹೇಳುವುದು ಮೊದಲ ಸಲಕ್ಕಿಂತ ಎಷ್ಟೋ ಕಷ್ಟ, ಏಕೆಂದರೆ ಕೇಳುವವರಿಗೆ ಆ ವೇಳೆಗೆ ಅದು ಬಂದು ಹೋಗುವ ಮನಸ್ಥಿತಿ ಎಂಬ ನಂಬಿಕೆ ಬಂದಿರುತ್ತದೆ.

ಮೊದಲು ನಿಮ್ಮೊಳಗೆ

ಒಂದು ಪುಸ್ತಕ ಇಟ್ಟುಕೊಂಡು ನೆನಪುಗಳನ್ನು ಬರೆಯಲು ತೊಡಗಿ. ತೀರ್ಮಾನಗಳನ್ನು ಬರೆಯುವ ಅಗತ್ಯವಿಲ್ಲ, ನಡೆದದ್ದನ್ನು ಬರೆದರೆ ಸಾಕು: ಯಾವ ವಯಸ್ಸಿನಲ್ಲಿ ಏನನ್ನು ನೋಡಿ ಆಸೆಪಟ್ಟಿರಿ, ಯಾರಂತೆ ಆಗಬೇಕೆಂದುಕೊಂಡಿರಿ, ಯಾವ ಬೈಗುಳಕ್ಕೆ ಹೆದರಿ ಯಾವ ಅಭ್ಯಾಸವನ್ನು ಬಿಟ್ಟಿರಿ ಎಂಬಿಷ್ಟು. ಹಲವು ವರ್ಷಗಳ ಟಿಪ್ಪಣಿಗಳು ಒಟ್ಟಾದಾಗ ಒಂದು ಆವರ್ತನೆ ಕಣ್ಣಿಗೆ ಬೀಳುವುದುಂಟು. ಗುಟ್ಟಾಗಿ ಬಟ್ಟೆ, ಬಳೆ ಕೊಳ್ಳುವುದು, ಕೆಲವು ತಿಂಗಳು ಬೀರುವಿನ ತಳದಲ್ಲಿ ಬಚ್ಚಿಡುವುದು, ಒಂದು ದಿನ ಹೇಸಿಕೊಂಡು ಎಲ್ಲವನ್ನೂ ಕಟ್ಟಿ ದೂರದ ಕಸದ ತೊಟ್ಟಿಗೆ ಹಾಕಿ ಬರುವುದು, ಇನ್ನೆಂದೂ ಇಲ್ಲ ಎಂದು ಶಪಥ ಮಾಡುವುದು, ಆಮೇಲೆ ಮತ್ತೆ ಕೊಳ್ಳುವುದು: ಈ ಚಕ್ರ ಹಿರಿಯ ಟ್ರಾನ್ಸ್ ಮಹಿಳೆಯರಲ್ಲಿ ಎಷ್ಟು ಸಾಮಾನ್ಯವೆಂದರೆ, ನಿಮ್ಮದೊಬ್ಬರದೇ ವಿಕಾರವೆಂದು ನೀವು ಹೊತ್ತುಕೊಂಡು ತಿರುಗಿದ್ದನ್ನು ನಿಮ್ಮ ವಯಸ್ಸಿನ ಇನ್ನೊಬ್ಬರು ಅದೇ ಮಾತಿನಲ್ಲಿ ಹೇಳುವುದನ್ನು ಕೇಳಿ ಬೆರಗಾದೀರಿ. ಮೂವತ್ತು ವರ್ಷ ಎಸೆದರೂ ಮರಳಿ ಬಂದದ್ದನ್ನು ಚಪಲ ಎನ್ನಲಾಗುವುದಿಲ್ಲ.

ಮದುವೆಯಾಗಿದ್ದೇನೆ, ಮಕ್ಕಳಾಗಿವೆ, ಹೆಂಡತಿಯನ್ನು ಪ್ರೀತಿಸಿದ್ದೇನೆ, ಹಾಗಿದ್ದ ಮೇಲೆ ನಾನು ಹೆಣ್ಣಾಗುವುದು ಹೇಗೆ ಎಂಬ ಪ್ರಶ್ನೆ ಬಹುತೇಕ ಎಲ್ಲರನ್ನೂ ಕಾಡುತ್ತದೆ. ಯಾರ ಮೇಲೆ ಪ್ರೀತಿ ಹುಟ್ಟುತ್ತದೆ ಎಂಬುದಕ್ಕೂ ತಾನು ಯಾರು ಎಂಬುದಕ್ಕೂ ನೇರ ಸಂಬಂಧವಿಲ್ಲ. ಹೆಣ್ಣನ್ನು ಪ್ರೀತಿಸುವ ಹೆಣ್ಣುಗಳಿರುವಂತೆಯೇ ಹೆಣ್ಣನ್ನು ಪ್ರೀತಿಸುವ ಟ್ರಾನ್ಸ್ ಮಹಿಳೆಯರೂ ಇದ್ದಾರೆ. ಈ ಗೊಂದಲ ನಿಮ್ಮ ತಲೆಯಲ್ಲಿ ತಾನಾಗಿ ಹುಟ್ಟಿದ್ದಲ್ಲ. ಕಳೆದ ಶತಮಾನದ ಅರವತ್ತು, ಎಪ್ಪತ್ತರ ದಶಕಗಳಲ್ಲಿ ಪಶ್ಚಿಮದ ಹಲವು ಚಿಕಿತ್ಸಾಲಯಗಳೇ ಹೆಂಗಸರ ಮೇಲೆ ಒಲವಿದ್ದವರನ್ನು ಹಿಂದಕ್ಕೆ ಕಳುಹಿಸುತ್ತಿದ್ದವು, ಮದುವೆಯಾದವರಿಗೆ ಮೊದಲು ವಿಚ್ಛೇದನ ಪಡೆದು ಬನ್ನಿ ಎನ್ನುತ್ತಿದ್ದವು. ಆ ಕಾಲದಲ್ಲಿ ಬೆಳೆದವರು ತಮ್ಮನ್ನು ತಾವು ಅನುಮಾನದಿಂದ ನೋಡದಿದ್ದರೇ ಆಶ್ಚರ್ಯ.

ನಾಚಿಕೆಯ ವಿಷಯವೂ ಹೀಗೆಯೇ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹತ್ತನೆಯ ಆವೃತ್ತಿ 1990ರಲ್ಲಿ ಅಂಗೀಕಾರವಾದಾಗ ಟ್ರಾನ್ಸ್ ಆಗಿರುವುದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಲ್ಲಿ ಇಡಲಾಗಿತ್ತು. 2019ರ ಮೇ ತಿಂಗಳಲ್ಲಿ ಅಂಗೀಕಾರವಾಗಿ 2022ರ ಜನವರಿ 1ರಿಂದ ಜಾರಿಗೆ ಬಂದ ಹನ್ನೊಂದನೆಯ ಆವೃತ್ತಿಯಲ್ಲಿ ಅದನ್ನು ಆ ಅಧ್ಯಾಯದಿಂದ ತೆಗೆದು, ಚಿಕಿತ್ಸೆ ಬೇಕಾದವರಿಗೆ ಅದು ದೊರೆಯಲೆಂಬ ಕಾರಣಕ್ಕೆ ಲೈಂಗಿಕ ಆರೋಗ್ಯದ ಅಧ್ಯಾಯದಲ್ಲಿ ಉಳಿಸಿಕೊಳ್ಳಲಾಗಿದೆ. ಅಂದರೆ ಇಂದು ಅರವತ್ತು ದಾಟಿದವರು ತಮ್ಮ ಬಾಲ್ಯ, ಯೌವನ, ನಡುಪ್ರಾಯ ಮೂರನ್ನೂ ವೈದ್ಯಲೋಕವೇ ರೋಗವೆಂದು ಬರೆದಿಟ್ಟಿದ್ದ ಕಾಲದಲ್ಲಿ ಕಳೆದಿದ್ದಾರೆ. ನಿಮ್ಮೊಳಗಿನ ನಾಚಿಕೆಯಲ್ಲಿ ಎಷ್ಟು ಪಾಲು ಹೊರಗಿನಿಂದ ಬಂದದ್ದು ಎಂಬುದನ್ನು ಬರೆದೇ ಬೇರ್ಪಡಿಸಿ ನೋಡಿ. ಪ್ರತಿಯೊಂದು ಕೀಳರಿಮೆಯ ಮಾತಿನ ಪಕ್ಕದಲ್ಲಿ ಅದನ್ನು ಮೊದಲು ಯಾರ ಬಾಯಿಂದ ಕೇಳಿದಿರಿ ಎಂದು ಬರೆಯುವುದು ಸರಳವಾದ ಅಭ್ಯಾಸ. ಬರೆಯುತ್ತ ಹೋದಂತೆ ಆ ಪಟ್ಟಿಯಲ್ಲಿ ನಿಮ್ಮ ಸ್ವಂತ ಮಾತು ಎಷ್ಟು ಕಡಿಮೆ ಎಂಬುದು ತಿಳಿಯುತ್ತದೆ.

ಇದರ ಬೆನ್ನಿಗೇ ದುಃಖ ಬರುತ್ತದೆ. ಹರೆಯದ ಹೆಣ್ಣಾಗಿ ಬದುಕುವುದು ಇನ್ನು ಸಾಧ್ಯವಿಲ್ಲ, ಆ ವರ್ಷಗಳು ಮರಳುವುದಿಲ್ಲ. ಇದನ್ನು ಸಮಾಧಾನದ ಮಾತುಗಳಿಂದ ಮುಚ್ಚಲು ಯಾರಾದರೂ ಪ್ರಯತ್ನಿಸಿದರೆ ತಡೆಯಿರಿ. ಅದು ನಿಜವಾದ ನಷ್ಟ, ಅದಕ್ಕೆ ಅಳುವ ಹಕ್ಕು ನಿಮಗಿದೆ. ಆದರೆ ಆ ದುಃಖದ ಭರದಲ್ಲಿ ಕಳೆದದ್ದನ್ನೆಲ್ಲ ಆರು ತಿಂಗಳಲ್ಲಿ ವಸೂಲು ಮಾಡಲು ಹೊರಡುವ ಆತುರವೊಂದು ಹುಟ್ಟುತ್ತದೆ. ಮನೆ ಮಾರುವುದು, ಕೆಲಸ ಬಿಡುವುದು, ವಿಚ್ಛೇದನಕ್ಕೆ ಅರ್ಜಿ ಹಾಕುವುದು ಇಂಥ ನಿರ್ಧಾರಗಳನ್ನು, ಅಪಾಯವೇನೂ ಎದುರಿಗಿಲ್ಲದಿದ್ದರೆ, ಒಂದು ವರ್ಷವಾದರೂ ಮುಂದೂಡಿ.

ತಡವಾಗಿ ಹೊರಟವರು ನೀವು ಮೊದಲಿಗರಲ್ಲ ಎಂಬುದೂ ತಿಳಿದಿರಲಿ. 1953ರ ಎವರೆಸ್ಟ್ ಆರೋಹಣದ ವರದಿ ಮಾಡಿದ ಬ್ರಿಟಿಷ್ ಲೇಖಕಿ ಜ್ಯಾನ್ ಮಾರಿಸ್ 1972ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ಮದುವೆಯಾಗಿ ಎರಡು ದಶಕ ದಾಟಿತ್ತು, ಮಕ್ಕಳಿದ್ದರು. ಅಂದಿನ ಕಾನೂನಿನ ಕಾರಣಕ್ಕೆ ಅವರೂ ಪತ್ನಿ ಎಲಿಜಬೆತ್ ಅವರೂ ವಿಚ್ಛೇದನ ಪಡೆಯಬೇಕಾಯಿತು, ಆದರೂ ಜೊತೆಯಲ್ಲೇ ಬದುಕಿದರು, 2008ರಲ್ಲಿ ನಾಗರಿಕ ಸಂಗಾತಿಗಳಾಗಿ (ಸಲಿಂಗ ಜೋಡಿಗಳಿಗೆ ಮದುವೆಯಂಥದೇ ಕಾನೂನು ಮಾನ್ಯತೆ) ಮತ್ತೆ ನೋಂದಾಯಿಸಿಕೊಂಡರು. ಕಂಪ್ಯೂಟರ್ ವಿಜ್ಞಾನಿ ಲಿನ್ ಕಾನ್ವೇ ಅವರದು ಇನ್ನೊಂದು ಬಗೆಯ ತಡ. ಹೆಣ್ಣಾಗಿ ಬದುಕುವ ಅವರ ನಿರ್ಧಾರ ತಿಳಿದು ಐಬಿಎಂ ಎಂಬ ಕಂಪ್ಯೂಟರ್ ಸಂಸ್ಥೆ 1968ರಲ್ಲಿ ಕೆಲಸದಿಂದ ತೆಗೆದ ಮೇಲೆ ಅವರು ಹೆಣ್ಣಾಗಿ ಹೊಸ ವೃತ್ತಿಜೀವನ ಕಟ್ಟಿಕೊಂಡು, ಹಿಂದಿನದನ್ನು ಮೂರು ದಶಕ ಯಾರಿಗೂ ತಿಳಿಯದಂತೆ ಇಟ್ಟು, ಅರವತ್ತರ ಹೊಸ್ತಿಲಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಸಂಸ್ಥೆ 2020ರಲ್ಲಿ ಅವರ ಕ್ಷಮೆ ಕೇಳಿತು. ಇಬ್ಬರೂ ಪ್ರಸಿದ್ಧರು, ಅವರಿಗಿದ್ದ ಅನುಕೂಲ ಎಲ್ಲರಿಗೂ ಇರುವುದಿಲ್ಲ, ನಿಜ; ಇಲ್ಲಿ ನೋಡಬೇಕಾದ್ದು ವಯಸ್ಸನ್ನು ಮಾತ್ರ.

ಒಬ್ಬರೇ ಇರುವಾಗ ಚಿಕ್ಕ ಪ್ರಯೋಗಗಳನ್ನು ಮಾಡಿ. ನೀವು ಆರಿಸಿಕೊಂಡ ಹೆಸರನ್ನು ಬರೆದು ನೋಡಿ, ಗಟ್ಟಿಯಾಗಿ ಹೇಳಿ ನೋಡಿ, ಆ ಹೆಸರಿಗೆ ನೀವೇ ಒಂದು ಪತ್ರ ಬರೆಯಿರಿ. ಆಗ ಬರುವ ಭಾವನೆಯನ್ನು ಗಮನಿಸಿ. ಉದ್ರೇಕವೋ ಭಯವೋ ಮೊದಲು ಬರಬಹುದು. ಹತ್ತಾರು ಸಲ ಆದ ಮೇಲೆ ಉಳಿಯುವುದು ಯಾವುದು ಎಂಬುದೇ ಮುಖ್ಯ. ಹಲವರಿಗೆ ಅದು ನಿರಾಳ.

ಸಾಧ್ಯವಿದ್ದರೆ ಒಬ್ಬ ಆಪ್ತಸಮಾಲೋಚಕರನ್ನು ಕಾಣಿ. ಮೊದಲ ಭೇಟಿಯಲ್ಲೇ ಕೇಳಬೇಕಾದ ಪ್ರಶ್ನೆ ಇದು: ಟ್ರಾನ್ಸ್ ಆಗಿರುವುದನ್ನು ಬದಲಿಸಬಹುದೆಂದು ನೀವು ನಂಬುತ್ತೀರಾ? ಹೌದು ಎಂದರೆ, ಅಥವಾ ಮಾತು ತಿರುಗಿಸಿದರೆ, ಎದ್ದು ಬನ್ನಿ. ಬದಲಿಸುವ ಚಿಕಿತ್ಸೆ ಎಂಬುದು ಕೆಲಸ ಮಾಡುವುದಿಲ್ಲ, ಹಾನಿ ಮಾತ್ರ ಮಾಡುತ್ತದೆ. ಬದುಕೇ ಬೇಡವೆನ್ನುವ ಯೋಚನೆಗಳು ಬರುತ್ತಿದ್ದರೆ ಈ ಬರಹದ ಉಳಿದ ಭಾಗವೆಲ್ಲ ಪಕ್ಕಕ್ಕಿರಲಿ. ಇವತ್ತೇ ವೈದ್ಯರಿಗೋ ನಂಬಿಕಸ್ಥರೊಬ್ಬರಿಗೋ ಸಹಾಯವಾಣಿಗೋ ಅದನ್ನು ತಿಳಿಸಿ. ಟ್ರಾನ್ಸ್ ಎಂಬುದನ್ನು ಹೇಳದೆಯೂ ಆ ಸಹಾಯವನ್ನು ಪಡೆಯಬಹುದು.

ಹೇಳುವ ಮುಂಚಿನ ಸಿದ್ಧತೆ

ನೀವೇ ಹೇಳುವ ಮುಂಚೆ ವಿಷಯ ಬೇರೆ ದಾರಿಯಿಂದ ಹೊರಬೀಳದಂತೆ ನೋಡಿಕೊಳ್ಳಿ. ಗುಟ್ಟು ಬಯಲಾಗುವುದು ಹೆಚ್ಚಾಗಿ ಕ್ಷುಲ್ಲಕ ಕಾರಣಗಳಿಂದ. ಫೋನಿನಲ್ಲಿ ತೆಗೆದುಕೊಂಡ ಫೋಟೊ ತಾನಾಗಿಯೇ ಮನೆಯವರೆಲ್ಲ ಬಳಸುವ ಖಾತೆಗೆ ಸೇರಿಕೊಳ್ಳುತ್ತದೆ, ಹುಡುಕಾಟದ ಇತಿಹಾಸ ಮೊಮ್ಮಗುವಿನ ಟ್ಯಾಬ್ಲೆಟ್ಟಿನಲ್ಲಿ ತೆರೆದುಕೊಳ್ಳುತ್ತದೆ, ಪಾರ್ಸೆಲ್ ತಂದವನು ಸೊಸೆಯ ಕೈಗೆ ಕೊಟ್ಟು ಹೋಗುತ್ತಾನೆ. ಇದಕ್ಕಾಗಿ ಪ್ರತ್ಯೇಕ ಇಮೇಲ್ ವಿಳಾಸ ಮಾಡಿಕೊಂಡು, ಫೋಟೊಗಳು ತಾವಾಗಿ ಸೇರುವುದನ್ನು ನಿಲ್ಲಿಸಿ, ಸಾಮಾನನ್ನು ನೀವೇ ಹೋಗಿ ತರುವ ವ್ಯವಸ್ಥೆ ಮಾಡಿ. ಬಯಲಾದಾಗ ಮನೆಯವರಿಗೆ ನೋವು ಕೊಡುವುದು ವಿಷಯಕ್ಕಿಂತ ಹೆಚ್ಚಾಗಿ ಅದು ಬಯಲಾದ ರೀತಿ.

ಕೆಟ್ಟದ್ದಕ್ಕೂ ತಯಾರಿ ಇರಲಿ. ಹೇಳಿದ ರಾತ್ರಿ ಮನೆಯಲ್ಲಿರಲು ಆಗದಿದ್ದರೆ ಎಲ್ಲಿಗೆ ಹೋಗುತ್ತೀರಿ, ಎರಡು ಮೂರು ತಿಂಗಳು ಒಬ್ಬರೇ ಇರಬೇಕಾದರೆ ಹಣ ಎಲ್ಲಿಂದ, ಗುರುತಿನ ದಾಖಲೆಗಳು, ಔಷಧಿ ಚೀಟಿಗಳು, ಬ್ಯಾಂಕಿನ ಕಾಗದಗಳು ನಿಮ್ಮ ಕೈಗೆ ಎಟುಕುವಂತಿವೆಯೇ, ಇವಿಷ್ಟನ್ನೂ ನೋಡಿಟ್ಟುಕೊಳ್ಳಿ. ಮನೆಯಲ್ಲಿ ಹೊಡೆತ ಬಡಿತದ ಇತಿಹಾಸವಿದ್ದರೆ, ಅಥವಾ ಊಟ, ಔಷಧಿ, ಓಡಾಟಗಳಿಗೆ ನೀವು ಪೂರ್ತಿಯಾಗಿ ಇನ್ನೊಬ್ಬರನ್ನು ಅವಲಂಬಿಸಿದ್ದರೆ, ಈಗ ಹೇಳದಿರುವುದೇ ಸರಿಯಾದ ನಿರ್ಧಾರವಾಗಬಹುದು. ಹೇಳದಿರುವುದರಿಂದ ಯಾರೂ ಕಡಿಮೆ ಹೆಣ್ಣಾಗುವುದಿಲ್ಲ.

ಮೊದಲ ಸಲ ಹೇಳುವುದು ಸೋತರೂ ಹೆಚ್ಚು ಕಳೆದುಕೊಳ್ಳದಂಥ ಜಾಗದಲ್ಲಿರಲಿ. ದೂರದ ಹಳೆಯ ಗೆಳತಿ, ಸಮಾಲೋಚಕರು, ಇನ್ನೊಬ್ಬ ಟ್ರಾನ್ಸ್ ಮಹಿಳೆ, ಹೀಗೆ ಯಾರಾದರೂ ಆದೀತು. ವಾಕ್ಯವನ್ನು ಬಾಯಿಬಿಟ್ಟು ಹೇಳಿ ಅಭ್ಯಾಸವಾಗುವುದೇ ಇದರ ಪ್ರಯೋಜನ. ಆದರೆ ಮದುವೆಯಾದವರು ಇಲ್ಲಿ ಎಚ್ಚರದಿಂದಿರಬೇಕು: ಊರಿನ ನಾಲ್ಕು ಜನರಿಗೆ ತಿಳಿದ ಮೇಲೆ ತನಗೆ ತಿಳಿಯಿತು ಎಂಬುದನ್ನು ಹೆಂಡತಿ ಸುಲಭಕ್ಕೆ ಮರೆಯುವುದಿಲ್ಲ. ಆದ್ದರಿಂದ ಆ ಮೊದಲ ವ್ಯಕ್ತಿ ಅವಳ ಬಳಗದವರಾಗಿರಬಾರದು.

ಹೆಂಡತಿಗೆ

ಇದು ಎಲ್ಲಕ್ಕಿಂತ ಕಷ್ಟದ ಮಾತುಕತೆ. ಹಬ್ಬ, ಮದುವೆ, ಆಸ್ಪತ್ರೆ, ಸಾವಿನ ಮನೆ, ಜಗಳ, ಇವುಗಳಿಂದ ದೂರವಾದ ದಿನವನ್ನು ಆರಿಸಿ. ರಾತ್ರಿ ಮಲಗುವ ಹೊತ್ತಿಗೆ ಹೇಳಬೇಡಿ. ಮುಂದೆ ಕೆಲವು ಗಂಟೆಗಳ ಬಿಡುವಿರುವ ಬೆಳಗಿನ ಹೊತ್ತು ಒಳ್ಳೆಯದು. ಪೀಠಿಕೆ ಉದ್ದವಾದಷ್ಟೂ ಅವಳ ಮನಸ್ಸು ಕ್ಯಾನ್ಸರ್, ಸಾಲ, ಇನ್ನೊಂದು ಸಂಬಂಧ ಎಂದು ಅಲೆದಾಡುತ್ತದೆ. ಆದ್ದರಿಂದ ನೇರವಾಗಿ ಹೀಗೆ ಹೇಳಬಹುದು: "ನಿನಗೊಂದು ವಿಷಯ ಹೇಳಬೇಕು. ನನಗೆ ಕಾಯಿಲೆ ಇಲ್ಲ, ಇನ್ನೊಬ್ಬರು ಯಾರೂ ಇಲ್ಲ. ಚಿಕ್ಕಂದಿನಿಂದಲೂ ನನ್ನೊಳಗೆ ನಾನು ಹೆಣ್ಣೇ ಆಗಿದ್ದೇನೆ. ಮದುವೆಯಾದರೆ ಹೋಗುತ್ತದೆ ಅಂದುಕೊಂಡಿದ್ದೆ, ಹೋಗಲಿಲ್ಲ. ನಿನ್ನಿಂದ ಮುಚ್ಚಿಟ್ಟು ಸಾಕಾಗಿದೆ." ಇದಿಷ್ಟು ಹೇಳಿ ನಿಲ್ಲಿಸಿ. ಮೌನ ಎಷ್ಟು ಹೊತ್ತಾದರೂ ನೀವು ತುಂಬಲು ಹೋಗಬೇಡಿ.

ಅವಳು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಮೊದಲೇ ಗೊತ್ತಿರುವಂಥವು. ಹಾಗಾದರೆ ಇಷ್ಟು ವರ್ಷ ನನ್ನ ಜೊತೆ ನಾಟಕ ಆಡಿದೆಯಾ? ನನ್ನಲ್ಲಿ ಏನು ಕೊರತೆ ಇತ್ತು? ಜನರ ಮುಂದೆ ನಾನು ಏನಾಗುತ್ತೇನೆ? ಮಕ್ಕಳಿಗೆ ಏನು ಹೇಳುತ್ತೀಯಾ? ಆಪರೇಷನ್ ಮಾಡಿಸಿಕೊಳ್ಳುತ್ತೀಯಾ? ಉತ್ತರ ಗೊತ್ತಿರುವುದಕ್ಕೆ ಸತ್ಯವನ್ನು ಹೇಳಿ, ಗೊತ್ತಿಲ್ಲದ್ದಕ್ಕೆ ಇನ್ನೂ ಗೊತ್ತಿಲ್ಲ ಎನ್ನಿ. ಅವಳ ಅಳು ನಿಲ್ಲಿಸಬೇಕೆಂಬ ಕನಿಕರದಲ್ಲಿ, ಇಷ್ಟೇ, ಇದಕ್ಕಿಂತ ಮುಂದೆ ಹೋಗುವುದಿಲ್ಲ, ಮನೆಯ ಹೊರಗೆ ಎಂದೂ ಕಾಣಿಸಿಕೊಳ್ಳುವುದಿಲ್ಲ ಎಂದು ಮಾತು ಕೊಡುವವರು ಬಹಳ. ಉಳಿಸಿಕೊಳ್ಳಲಾಗದ ಆ ಮಾತು ವರ್ಷ ಕಳೆದು ಮುರಿದಾಗ ಮೊದಲ ಸುದ್ದಿಗಿಂತ ದೊಡ್ಡ ಪೆಟ್ಟು ಕೊಡುತ್ತದೆ, ಏಕೆಂದರೆ ಮೊದಲನೆಯದು ಅವಳನ್ನು ಕಾಣುವ ಮುಂಚೆಯೇ ಇದ್ದದ್ದು, ಎರಡನೆಯದು ಅವಳಿಗೆ ಕಣ್ಣೆದುರು ಮಾಡಿದ ಮೋಸ.

ಇನ್ನೊಂದು ಮಾತು. ನೀವು ಇದರ ಜೊತೆ ಅರ್ಧ ಶತಮಾನ ಬದುಕಿದ್ದೀರಿ, ಅವಳಿಗೆ ಇದು ಇವತ್ತು ತಿಳಿಯಿತು. ಹೇಳಿದ ಹಗುರದಲ್ಲಿ ನೀವು ಉತ್ಸಾಹದಿಂದ ಸೀರೆ, ಓಲೆ, ಹೆಸರು ಎಂದು ದಿನವೂ ಮಾತಾಡತೊಡಗಿದರೆ ಅವಳಿಗೆ ಉಸಿರು ಕಟ್ಟುತ್ತದೆ. ಅವಳಿಗೂ ತನ್ನ ಕಡೆಯಿಂದ ಮಾತಾಡಿಕೊಳ್ಳಲು ಒಬ್ಬರು ಬೇಕು. ಅಕ್ಕನೋ ಗೆಳತಿಯೋ ಸಮಾಲೋಚಕರೋ, ಅವಳೇ ಆರಿಸಿದ ಒಬ್ಬರಿಗೆ ಅವಳು ಹೇಳಿಕೊಳ್ಳಬಹುದು ಎಂದು ನೀವಾಗಿಯೇ ಒಪ್ಪಿಗೆ ಕೊಡಿ. ನಿಮ್ಮ ಗುಟ್ಟಿನ ಹೊರೆಯನ್ನು ಅವಳ ತಲೆಗೆ ದಾಟಿಸಿ ಬೀಗ ಹಾಕುವುದು ನ್ಯಾಯವಲ್ಲ.

ಕೆಲವು ದಾಂಪತ್ಯಗಳು ಉಳಿಯುತ್ತವೆ, ಕೆಲವು ಗೆಳೆತನವಾಗಿ ಉಳಿಯುತ್ತವೆ, ಕೆಲವು ಮುರಿಯುತ್ತವೆ. ತಾನು ಗಂಡಸನ್ನು ಮದುವೆಯಾದವಳು, ಹೆಂಗಸಿನ ಸಂಗಾತಿಯಾಗಿರಲಾರೆ ಎಂದು ಅವಳು ಹೇಳಿದರೆ ಅದು ನಿಮ್ಮ ಮೇಲಿನ ದ್ವೇಷವೆಂದು ತಿಳಿಯಬೇಕಾಗಿಲ್ಲ. ಬೇರೆಯಾಗುವುದಾದರೆ ಅವಳ ಮುಪ್ಪಿನ ಭದ್ರತೆಯ ಲೆಕ್ಕವನ್ನು ವಕೀಲರ ಮುಂದೆ ಮೊದಲು ಮಾಡಿ; ವಿಚ್ಛೇದನ, ಕುಟುಂಬ ಪಿಂಚಣಿ, ವಿಮೆ ಇವುಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆ, ಅವಸರದ ಸಹಿಯೊಂದು ಅವಳ ಪಾಲಿನ ಹಣವನ್ನು ಕಳೆದುಬಿಡಬಹುದು.

ಮಕ್ಕಳಿಗೆ, ಮೊಮ್ಮಕ್ಕಳಿಗೆ

ಬೆಳೆದ ಮಕ್ಕಳಿಗೆ ಒಬ್ಬೊಬ್ಬರಿಗೇ ಹೇಳಿ, ಆದರೆ ಒಂದೇ ವಾರದಲ್ಲಿ ಎಲ್ಲರಿಗೂ ಹೇಳಿ ಮುಗಿಸಿ. ಒಬ್ಬರಿಗೆ ಹೇಳಿ ಇನ್ನೊಬ್ಬರಿಂದ ಮುಚ್ಚಿಡು ಎಂದರೆ ಒಡಹುಟ್ಟಿದವರ ನಡುವೆ ಬಿರುಕು ತಂದಂತಾಗುತ್ತದೆ. ದೂರದಲ್ಲಿರುವವರಿಗೆ ಪತ್ರ ಒಳ್ಳೆಯ ದಾರಿ. ಓದಿದ ತಕ್ಷಣ ಮುಖದ ಭಾವವನ್ನು ನಿಮಗೆ ತೋರಿಸಬೇಕಾದ ಸಂಕಟ ಅವರಿಗಿರುವುದಿಲ್ಲ. ಪತ್ರ ಒಂದು ಪುಟ ಮೀರದಿರಲಿ. ಉದಾಹರಣೆಗೆ ಹೀಗೆ:

"ಪುಟ್ಟಾ, ಎದುರಿಗೆ ಕೂತು ಹೇಳಲು ಹೋದರೆ ಅರ್ಧಕ್ಕೇ ನಿಂತುಬಿಡುತ್ತೇನೇನೋ ಎಂದು ಬರೆಯುತ್ತಿದ್ದೇನೆ. ಬುದ್ಧಿ ಬಂದಾಗಿನಿಂದ ನಾನು ಒಳಗೊಳಗೆ ಹೆಣ್ಣಾಗಿಯೇ ಇದ್ದೇನೆ, ಅದನ್ನು ಮುಚ್ಚಿಟ್ಟುಕೊಂಡೇ ಇಷ್ಟು ವರ್ಷ ಕಳೆದೆ. ಇನ್ನು ಮುಚ್ಚಿಡುವ ಶಕ್ತಿ ನನ್ನಲ್ಲಿಲ್ಲ. ಅಮ್ಮನಿಗೆ ಗೊತ್ತು. ನಿನ್ನನ್ನು ಶಾಲೆಗೆ ಬಿಟ್ಟು ಬರುತ್ತಿದ್ದದ್ದೂ, ನಿನಗೆ ಜ್ವರ ಬಂದಾಗ ರಾತ್ರಿಯೆಲ್ಲ ಕೂತಿದ್ದದ್ದೂ ನಾನೇ, ಅದರಲ್ಲಿ ಯಾವುದೂ ಸುಳ್ಳಲ್ಲ. ನೀನು ಅಪ್ಪ ಎಂದೇ ಕರೆದರೂ ನನಗೆ ಬೇಸರವಿಲ್ಲ. ಕೋಪ ಬಂದರೆ ಕೋಪ ಮಾಡಿಕೋ, ಏನು ಕೇಳಬೇಕೆನಿಸುತ್ತದೋ ಕೇಳು. ಉತ್ತರ ಇವತ್ತೇ ಬರೆಯಬೇಕಾಗಿಲ್ಲ."

ಅಪ್ಪ ಎಂಬ ಕರೆಯ ಬಗ್ಗೆ ನಿಮ್ಮ ಮನಸ್ಸಿನಲ್ಲಿರುವುದನ್ನೇ ಬರೆಯಿರಿ. ಕೆಲವರಿಗೆ ಆ ಪದ ಸಂಬಂಧದ ಹೆಸರಾಗಿ ಪ್ರಿಯವಾಗಿಯೇ ಉಳಿಯುತ್ತದೆ, ಕೆಲವರಿಗೆ ಕೇಳಿದಾಗಲೆಲ್ಲ ಚುಚ್ಚುತ್ತದೆ. ಮನೆಯೊಳಗೆ ಒಂದು, ಹೊರಗೆ ಜನರ ನಡುವೆ ಇನ್ನೊಂದು ಎಂದು ಒಪ್ಪಂದ ಮಾಡಿಕೊಳ್ಳುವವರೂ ಉಂಟು. ಅಂಗಡಿಯಲ್ಲಿ ಸೀರೆಯುಟ್ಟವರನ್ನು ಅಪ್ಪಾ ಎಂದು ಕೂಗಿದರೆ ನಾಲ್ಕು ಕಣ್ಣು ಇಬ್ಬರ ಮೇಲೂ ತಿರುಗುತ್ತವೆ, ಅದು ಮಗಳಿಗೂ ಹಿತವಲ್ಲ. ತಾಯಿಯ ಸ್ಥಾನ ಮಾತ್ರ ಅವರ ತಾಯಿಯದೇ. ನನ್ನನ್ನೂ ಅಮ್ಮ ಎಂದು ಕರೆ ಎಂದು ಕೇಳುವುದು, ಅದರಲ್ಲೂ ಆ ತಾಯಿ ಬದುಕಿರುವಾಗ, ಅನವಶ್ಯಕವಾದ ಗಾಯ.

ಸಣ್ಣ ಮೊಮ್ಮಕ್ಕಳ ಬಗ್ಗೆ ದೊಡ್ಡವರು ಪಡುವಷ್ಟು ಚಿಂತೆಗೆ ಕಾರಣವಿಲ್ಲ. ಇನ್ನು ಮೇಲೆ ತಾತನನ್ನು ಹೀಗೆ ಕರೆಯೋಣ, ಇವರು ಹೀಗೆ ಬಟ್ಟೆ ಹಾಕಿಕೊಳ್ಳುತ್ತಾರೆ, ಮೊದಲಿನಂತೆ ಆಟ ಆಡಿಸುತ್ತಾರೆ ಎಂದರೆ ಆರು ವರ್ಷದ ಮಗುವಿಗೆ ಸಾಕು. ಆದರೆ ಅದನ್ನು ಹೇಳುವ ಹೊತ್ತು ಯಾವುದೆಂಬುದನ್ನು ಮಗುವಿನ ತಂದೆ ತಾಯಿ ತೀರ್ಮಾನಿಸಲಿ.

ಅಣ್ಣ ತಮ್ಮಂದಿರು, ಅಕ್ಕ ತಂಗಿಯರು, ಸ್ನೇಹಿತರು, ನೆರೆಹೊರೆಯವರು ಇವರಿಗೆಲ್ಲ ಇಷ್ಟು ಸಿದ್ಧತೆ ಬೇಡ. ಹತ್ತಿರದ ಎಂಟು ಹತ್ತು ಜನರಿಗೆ ನೀವೇ ಹೇಳಿದರೆ ಉಳಿದವರಿಗೆ ಸುದ್ದಿ ತಾನಾಗಿ ತಲುಪುತ್ತದೆ. ಇನ್ನೂ ಕೆಲಸದಲ್ಲಿರುವವರು ಮೊದಲು ನಿಯಮಗಳನ್ನು ಓದಿ, ಮೇಲಧಿಕಾರಿಗೆ ಲಿಖಿತವಾಗಿ ತಿಳಿಸಿ ಅದರ ಪ್ರತಿಯನ್ನು ಇಟ್ಟುಕೊಳ್ಳುವುದು ಕ್ಷೇಮ. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದರೆ ಕಾಯುವುದರಲ್ಲಿ ಹೇಡಿತನವೇನೂ ಇಲ್ಲ.

ದೇಹದ ವಿಷಯ

ಹಾರ್ಮೋನು, ಶಸ್ತ್ರಚಿಕಿತ್ಸೆ ಯಾವುದೂ ಕಡ್ಡಾಯವಲ್ಲ. ಬೇಕೆನಿಸಿದವರಿಗೆ ವಯಸ್ಸೊಂದೇ ಅಡ್ಡಿಯೂ ಅಲ್ಲ. ಹೃದಯ, ರಕ್ತನಾಳ, ಯಕೃತ್ತು, ಸಕ್ಕರೆ ಕಾಯಿಲೆ, ಧೂಮಪಾನ ಇವುಗಳ ಸ್ಥಿತಿಯೇ ನಿರ್ಣಾಯಕ. ಎಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನಿನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ವಯಸ್ಸಿನೊಂದಿಗೆ ಏರುವುದರಿಂದ, ನುಂಗುವ ಮಾತ್ರೆಗಿಂತ ಚರ್ಮದ ಮೇಲೆ ಅಂಟಿಸುವ ಪಟ್ಟಿಯನ್ನೋ ಹಚ್ಚುವ ಜೆಲ್ಲನ್ನೋ ಹಿರಿಯರಿಗೆ ವೈದ್ಯರು ಸಾಮಾನ್ಯವಾಗಿ ಆರಿಸುತ್ತಾರೆ. ಸಿಗರೇಟು ಸೇದುವವರು ಅದನ್ನು ಬಿಡುವುದೇ ಮೊದಲ ಚಿಕಿತ್ಸೆ. ಔಷಧಿ ಅಂಗಡಿಯಿಂದ ಗರ್ಭನಿರೋಧಕ ಗುಳಿಗೆ ತಂದು ಗುಟ್ಟಾಗಿ ನುಂಗುವ ಅಭ್ಯಾಸವಿದ್ದರೆ ಇವತ್ತೇ ನಿಲ್ಲಿಸಿ. ಅವುಗಳಲ್ಲಿ ಬಹಳಷ್ಟರಲ್ಲಿರುವ ಎಥಿನೈಲ್ ಎಸ್ಟ್ರಾಡಿಯೋಲ್ ರಕ್ತ ಹೆಪ್ಪುಗಟ್ಟಿಸುವುದರಲ್ಲಿ ಕುಖ್ಯಾತವಾದದ್ದು, ಆ ಕಾರಣಕ್ಕೇ ಇಂದಿನ ಮಾರ್ಗಸೂಚಿಗಳು ಅದನ್ನು ಈ ಚಿಕಿತ್ಸೆಗೆ ಬಳಸಬಾರದೆನ್ನುತ್ತವೆ.

ಗಂಡು ಹಾರ್ಮೋನಾದ ಟೆಸ್ಟೋಸ್ಟೆರೋನನ್ನು ತಡೆಯಲು ಕೊಡುವ ಸ್ಪೈರೋನೋಲ್ಯಾಕ್ಟೋನ್ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತದೆ. ರಕ್ತದೊತ್ತಡಕ್ಕೆ ಎನಲಾಪ್ರಿಲ್, ಲೋಸಾರ್ಟಾನ್, ಟೆಲ್ಮಿಸಾರ್ಟಾನ್ ಮುಂತಾದವುಗಳನ್ನು ಈಗಾಗಲೇ ತೆಗೆದುಕೊಳ್ಳುತ್ತಿರುವವರಲ್ಲಿ ಈ ಏರಿಕೆ ಅಪಾಯದ ಮಟ್ಟ ಮುಟ್ಟಬಹುದು. ಆದ್ದರಿಂದ ನುಂಗುವ ಎಲ್ಲ ಔಷಧಿಗಳ ಪಟ್ಟಿಯನ್ನು ವೈದ್ಯರ ಮುಂದಿಡಿ, ಹೃದಯದ ವೈದ್ಯರಿಂದ ಹಾರ್ಮೋನಿನ ಸಂಗತಿಯನ್ನು ಮುಚ್ಚಿಡಬೇಡಿ. ಮೊದಲ ವರ್ಷ ಸುಮಾರು 3 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ ರಕ್ತಪರೀಕ್ಷೆ ಆಗಬೇಕು.

ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂಬುದನ್ನು ಮೊದಲೇ ತಿಳಿದರೆ ನಿರಾಸೆ ಕಡಿಮೆ. ಚರ್ಮದ ಮೃದುತ್ವ ಮತ್ತು ಸ್ತನದ ಬೆಳವಣಿಗೆ 3ರಿಂದ 6 ತಿಂಗಳಲ್ಲಿ ಶುರುವಾಗಿ, ಸ್ತನದ ಬೆಳವಣಿಗೆ 2–3 ವರ್ಷಗಳಲ್ಲಿ ತನ್ನ ಮಿತಿ ಮುಟ್ಟುತ್ತದೆ. ಉದುರಿಹೋದ ತಲೆಗೂದಲು ಅಷ್ಟಾಗಿ ಮರಳುವುದಿಲ್ಲ, ಗಡ್ಡ ಹೋಗುವುದಿಲ್ಲ, ಒಡೆದ ಧ್ವನಿ ಹಾಗೆಯೇ ಉಳಿಯುತ್ತದೆ.

ಗಡ್ಡದ ವಿಷಯದಲ್ಲಿ ವಯಸ್ಸಾದವರು ಗಮನಿಸಬೇಕಾದದ್ದೊಂದಿದೆ. ಲೇಸರ್ ಕಿರಣ ಕೆಲಸ ಮಾಡುವುದು ಕೂದಲಿನ ಕಪ್ಪು ಬಣ್ಣವನ್ನು ಹಿಡಿದು. ನೆರೆತ ಕೂದಲನ್ನು ಅದು ಮುಟ್ಟುವುದಿಲ್ಲ. ಬಿಳಿ ಗಡ್ಡಕ್ಕೆ ಉಳಿದಿರುವ ಶಾಶ್ವತ ಉಪಾಯ ಒಂದೊಂದೇ ಕೂದಲಿನ ಬುಡಕ್ಕೆ ಸೂಜಿ ಇಳಿಸಿ ವಿದ್ಯುತ್ತಿನಿಂದ ಸುಡುವ ಎಲೆಕ್ಟ್ರಾಲಿಸಿಸ್. ಮುಖದ ಗಡ್ಡಕ್ಕೆ ಇದು ಒಂದು ವರ್ಷವನ್ನೋ ಇನ್ನೂ ಹೆಚ್ಚನ್ನೋ ಕೇಳುತ್ತದೆ, ಪ್ರತಿ ಭೇಟಿಗೂ ಕೆಲವು ದಿನ ಗಡ್ಡ ಬಿಟ್ಟುಕೊಂಡು ಹೋಗಬೇಕು. ಹೇಳಿಕೊಳ್ಳುವ ಮುಂಚೆಯೇ ಆರಂಭಿಸಬಹುದಾದ ಕೆಲವೇ ಕೆಲಸಗಳಲ್ಲಿ ಇದೊಂದು, ಏಕೆಂದರೆ ನುಣ್ಣಗಿನ ಗಲ್ಲ ನೋಡಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಉಳಿದಿರುವ ಕಪ್ಪು ಕೂದಲಿಗೆ ಲೇಸರ್ ಮಾಡಿಸುವುದಾದರೆ ಅದು ನೆರೆಯುವ ಮುಂಚೆ ಮಾಡಿಸಿ.

ಧ್ವನಿಗೆ ವಾಕ್ ಚಿಕಿತ್ಸಕರ ಬಳಿ ಕಲಿಯುವುದು ಉತ್ತಮ. ಗಂಡಸರ ಮಾತಿನ ಸ್ಥಾಯಿ ಸರಾಸರಿ 100ರಿಂದ 120 ಹರ್ಟ್ಜ್, ಹೆಂಗಸರದು 200ರ ಆಸುಪಾಸು. ಆದರೆ ಸ್ಥಾಯಿಯನ್ನು ಮಾತ್ರ ಏರಿಸಿದರೆ ಕೀರಲಾಗುತ್ತದೆ. ಧ್ವನಿ ಎದೆಯಿಂದ ಮೇಲೆದ್ದು ಬಾಯಿಯ ಮುಂಭಾಗದಲ್ಲಿ ಅನುರಣಿಸುವುದನ್ನು ಕಲಿಯಬೇಕು. ದಿನಕ್ಕೆ ಕಾಲು ಗಂಟೆಯಂತೆ ತಿಂಗಳುಗಟ್ಟಲೆ ಅಭ್ಯಾಸ ಮಾಡುವುದು ಒಂದೇ ದಿನ ಎರಡು ಗಂಟೆ ಗಂಟಲು ಹರಿದುಕೊಳ್ಳುವುದಕ್ಕಿಂತ ಮೇಲು.

ಶಸ್ತ್ರಚಿಕಿತ್ಸೆ ಬಯಸುವ ಹಿರಿಯರು ಯೋನಿನಾಳವಿಲ್ಲದೆ ಹೊರಭಾಗವನ್ನಷ್ಟೇ ರೂಪಿಸುವ ಪ್ರಕಾರದ ಬಗ್ಗೆಯೂ ಕೇಳಿ ತಿಳಿಯಬೇಕು. ಅದರಲ್ಲಿ ಚೇತರಿಕೆ ಸುಲಭ, ನಾಳ ಮುಚ್ಚದಂತೆ ಬಹುಕಾಲ ಮಾಡಬೇಕಾದ ಹಿಗ್ಗಿಸುವಿಕೆಯ ಶ್ರಮ ಇರುವುದಿಲ್ಲ. ಯಾವ ಪ್ರಕಾರವೇ ಆಗಲಿ, ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆಯುವುದಿಲ್ಲ, ಆದ್ದರಿಂದ ಅದರ ತಪಾಸಣೆ ಮುಂದುವರಿಯಬೇಕು. ಎಸ್ಟ್ರೋಜೆನ್ ತೆಗೆದುಕೊಳ್ಳುವವರಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ತಪಾಸಣೆಗೆ ರಕ್ತದಲ್ಲಿ ಅಳೆಯುವ ಪ್ರೋಟೀನು) ಅಂಶ ಇಳಿದಿರುತ್ತದೆ, ಹಾಗಾಗಿ ಗಂಡಸರಿಗೆ ಸಹಜವೆನ್ನುವ ಸಂಖ್ಯೆ ನಿಮ್ಮಲ್ಲಿ ಎಚ್ಚರಿಕೆಯ ಸಂಖ್ಯೆಯಾಗಿರಬಹುದು. ವೈದ್ಯರಿಗೆ ಇದನ್ನು ನೆನಪಿಸಿ. 50 ದಾಟಿ, 5 ವರ್ಷಕ್ಕಿಂತ ಹೆಚ್ಚು ಕಾಲ ಹಾರ್ಮೋನು ತೆಗೆದುಕೊಂಡವರು ಸ್ತನದ ಮ್ಯಾಮೊಗ್ರಾಂ (ಕ್ಯಾನ್ಸರ್ ಪತ್ತೆಯ ಎಕ್ಸ್‌ರೇ) ಬಗ್ಗೆಯೂ ವಿಚಾರಿಸಬೇಕು. ವೃಷಣಗಳನ್ನು ತೆಗೆಸಿಕೊಂಡ ಮೇಲೆ ಎಸ್ಟ್ರೋಜೆನ್ನನ್ನು ತಾವಾಗಿಯೇ ನಿಲ್ಲಿಸಿಬಿಟ್ಟರೆ ಮೂಳೆಗಳು ಸವೆಯುತ್ತವೆ, ಆ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿದರೆ ಏಳುವುದು ಕಷ್ಟ.

ಕಾಗದಪತ್ರ ಮತ್ತು ಮುಪ್ಪು

ಹೆಸರು ಬದಲಿಸುವಾಗ ಅನುಕ್ರಮ ಮುಖ್ಯ. ಉಳಿದೆಲ್ಲವೂ ಯಾವ ದಾಖಲೆಯನ್ನು ಆಧರಿಸಿವೆಯೋ ಅದನ್ನು ಮೊದಲು ಬದಲಿಸಿ, ಆಮೇಲೆ ಬ್ಯಾಂಕು, ಪಿಂಚಣಿ, ವಿಮೆ, ಆಸ್ತಿ ಪತ್ರಗಳತ್ತ ಹೋಗಿ. ಪಿಂಚಣಿ ಬರುವ ಖಾತೆಯ ಹೆಸರಿಗೂ ಪಿಂಚಣಿ ಕಚೇರಿಯ ದಾಖಲೆಯ ಹೆಸರಿಗೂ ಒಂದು ತಿಂಗಳು ತಾಳೆಯಾಗದಿದ್ದರೂ ಹಣ ನಿಲ್ಲಬಹುದು, ಆದ್ದರಿಂದ ಅವೆರಡರ ಅರ್ಜಿಗಳನ್ನು ಒಟ್ಟಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ಹಳೆಯ ಹೆಸರಿನ ದಾಖಲೆಗಳನ್ನು ಎಷ್ಟು ಬೇಸರವಿದ್ದರೂ ಹರಿದು ಹಾಕಬೇಡಿ. ಮೂವತ್ತು ವರ್ಷದ ಹಿಂದಿನ ಕ್ರಯಪತ್ರದಲ್ಲಿರುವವರು ನೀವೇ ಎಂದು ತೋರಿಸಲು ಅವು ಬೇಕಾಗುತ್ತವೆ. ಉಯಿಲಿನಲ್ಲಿ ಎರಡೂ ಹೆಸರುಗಳನ್ನು ಬರೆಸಿ, ಇಬ್ಬರೂ ಒಬ್ಬರೇ ಎಂದು ಸ್ಪಷ್ಟವಾಗಿ ನಮೂದಿಸಿ.

ಕೊನೆಯದಾಗಿ, ಬಹುತೇಕರು ಮುಂದೂಡುವ ಕಾಗದವೊಂದಿದೆ. ಪಾರ್ಶ್ವವಾಯು ಬಡಿದು ಮಾತು ನಿಂತರೆ, ಮರೆವಿನ ಕಾಯಿಲೆ ಬಂದರೆ, ನಿಮ್ಮ ಪರವಾಗಿ ತೀರ್ಮಾನ ಮಾಡುವವರು ಯಾರು ಎಂಬುದನ್ನು ಕಾನೂನುಬದ್ಧವಾಗಿ ಬರೆದಿಡಿ, ಅದಕ್ಕೆ ನಿಮ್ಮನ್ನು ಹೆಣ್ಣೆಂದು ಒಪ್ಪಿದವರನ್ನೇ ನೇಮಿಸಿ. ಯಾವ ಹೆಸರಿನಿಂದ ಕರೆಯಬೇಕು, ಯಾವ ಬಟ್ಟೆ ಉಡಿಸಬೇಕು, ಮುಖದ ಕೂದಲನ್ನು ಎಷ್ಟು ದಿನಕ್ಕೊಮ್ಮೆ ತೆಗೆಯಬೇಕು, ಹಾರ್ಮೋನನ್ನು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದು, ಸ್ನಾನ ಮಾಡಿಸುವವರು ಹೆಂಗಸರೇ ಆಗಿರಬೇಕೇ, ತೀರಿಕೊಂಡ ಮೇಲೆ ಯಾವ ಉಡುಪಿನಲ್ಲಿ, ಯಾವ ಹೆಸರಿನಲ್ಲಿ ಕಳುಹಿಸಬೇಕು, ಇವೆಲ್ಲ ಅದರಲ್ಲಿರಲಿ. ಒಂದು ಪ್ರತಿ ಆ ವ್ಯಕ್ತಿಯ ಬಳಿ, ಒಂದು ನಿಮ್ಮ ವೈದ್ಯರ ಕಡತದಲ್ಲಿ, ಇನ್ನೊಂದು ಮನೆಯಲ್ಲಿ ಔಷಧಿ ಇಡುವ ಡಬ್ಬಿಯಲ್ಲಿ ಇರಬೇಕು. ಬೀರುವಿನ ಬೀಗದೊಳಗಿಟ್ಟರೆ ಬೇಕಾದ ಹೊತ್ತಿಗೆ ಯಾರ ಕೈಗೂ ಸಿಗುವುದಿಲ್ಲ.